ಮೂರು ಬೆರಳಿನ ಪರೀಕ್ಷೆ

ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ವೆಂಕಟರಮಣನ ಮುಂದೆ ನಿಂತ ಜನ ಮಕ್ಕಳನ್ನು ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಕೊಬ್ಬರಿಗೆ ಒಳ್ಳೇ ರೇಟು ಕೇಳುತ್ತಾರೆ. ನಾನು ಇಂದ್ರೇಶನ ಮಾನ ಕೇಳಿದೆ. ಅವನು ಸಾಯಲಿ ಎಂದು ಕೇಳಲಿಲ್ಲ, ಕೈಕಾಲು ಮುರಿಯಲಿ ಎಂದೂ ಕೇಳಲಿಲ್ಲ. ನಾಲ್ಕು ಜನರ ಎದುರು ಅವನ ಬಾಯಿಂದಲೇ ಒಂದು ಮಾತು ಬರಲಿ ಎಂದೆ: ಯಜಮಾನರ ಕಿವಿ ಸರಿಯಾಗಿದೆ, ಕೆಟ್ಟಿರುವುದು ನನ್ನ ಕಿವಿ. ಅಷ್ಟೇ. ಅದೊಂದು ನಡೆಸಿಕೊಟ್ಟರೆ ಮುಡಿ ಕೊಡುತ್ತೇನೆ ಅಂತ ಹರಕೆಯನ್ನೂ ಹೊತ್ತೆ. ಅವ್ವ ಕೆಂಚಮ್ಮ ಪಕ್ಕದಲ್ಲೇ ಕೈಮುಗಿದು ನಿಂತಿದ್ದಳು. ಮೆಟ್ಟಿಲು ಇಳಿಯುವಾಗ “ಏನ್ ಕೇಳ್ಕಂಡ್ಯೇ?” ಅಂದಳು. “ಒಳ್ಳೇದೇ ಕೇಳ್ಕಂಡೆ ಬಿಡು” ಅಂದೆ.

ನಾನು ಭಾನುಪ್ರಿಯಾ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಏಕಾಂತಯ್ಯನವರ ಸ್ಪೀಕರ್ ಅಂಗಡಿಯಿದೆ. ಹದಿಮೂರು ವರ್ಷದಿಂದ ಅಲ್ಲೇ ನನ್ನ ಕೆಲಸ, ಅವರೇ ನಮ್ಮ ಯಜಮಾನರು. ಹರಿದ ಕೋನ್ ಬದಲಾಯಿಸುವುದು, ಸುಟ್ಟ ಕಾಯಿಲಿಗೆ ಹೊಸ ತಂತಿ ಸುತ್ತುವುದು, ಮನೆಯಲ್ಲಿ ಕೂತು ಹಾಡು ಕೇಳುವವರಿಗೆ ಪೆಟ್ಟಿಗೆ ಕಟ್ಟಿಕೊಡುವುದು. ಮೊದಮೊದಲು ಬಂದವರು ಬಾಗಿಲಲ್ಲೇ ನಿಂತು “ಯಾರಾದ್ರೂ ಗಂಡಸ್ರು ಇದಾರೇನಮ್ಮ?” ಅನ್ನುತ್ತಿದ್ದರು. ಏಕಾಂತಯ್ಯ ಒಳಗಿನಿಂದಲೇ “ಅವಳತ್ರ ಕೊಡ್ರೀ, ನನಗಿಂತ ಚೆನ್ನಾಗಿ ಮಾಡ್ತಾಳೆ” ಅಂತ ಕೂಗುತ್ತಿದ್ದರು. ಆ ಒಂದು ಮಾತಿಗೆ ನಾನು ಅವರಿಗಾಗಿ ಯಾರ ಮೇಲೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ.

ಯಜಮಾನರಿಗೆ ಪ್ರಾಣವಾದದ್ದು ಫುಲ್ ರೇಂಜ್ ಸ್ಪೀಕರು. ಈಗಿನ ಪೆಟ್ಟಿಗೆಗಳಲ್ಲಿ ದಪ್ಪ ಸ್ವರಕ್ಕೆ ಒಂದು ಸ್ಪೀಕರ್, ಸಣ್ಣ ಸ್ವರಕ್ಕೆ ಇನ್ನೊಂದು ಇರುತ್ತದೆ. ಫುಲ್ ರೇಂಜಿನಲ್ಲಿ ಹಾಗಲ್ಲ. ಮೃದಂಗದ ಗುಮ್ಮೂ ಗೆಜ್ಜೆಯ ಝಲ್ಲೂ ಒಂದೇ ಕಾಗದದ ಕೋನಿನಿಂದ ಬರಬೇಕು. “ಮನುಷ್ಯಂಗೆ ಎಷ್ಟು ಬಾಯಿ ಐತೆ? ಒಂದೇ ತಾನೆ?” ಅನ್ನುತ್ತಿದ್ದರು. ಎಲ್ಲ ಕೆಲಸವೂ ಒಂದೇ ಕೋನಿನ ತಲೆಯ ಮೇಲೆ ಬೀಳುವುದರಿಂದ ಅದನ್ನು ಆರಿಸುವುದು ಕಷ್ಟ. ನಮ್ಮ ಕಡೆಯ ಜನ ಸ್ಪೀಕರ್ ಆರಿಸುವುದು ಅಂಗೈಯಿಂದ. ಎತ್ತಿ ತೂಗಿ ನೋಡುತ್ತಾರೆ, ತೆಂಗಿನಕಾಯಿ ಕೊಳ್ಳುವ ಹಾಗೆ. ಹಿಂದಿನ ಮ್ಯಾಗ್ನೆಟ್ ಭಾರ ಇದ್ದರೆ “ಮಾಲು ಚೆನ್ನಾಗೈತೆ” ಅಂತ ತಲೆ ಆಡಿಸುತ್ತಾರೆ. ಯಜಮಾನರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅವರದು ಮೂರು ಬೆರಳಿನ ಪರೀಕ್ಷೆ. ಸ್ಪೀಕರನ್ನು ಕಿವಿಯ ಹತ್ತಿರ ಹಿಡಿದು, ಕೋನಿನ ಮೇಲೆ ಮೂರು ಬೆರಳನ್ನು ಸಮನಾಗಿ ಇಟ್ಟು, ಮೆತ್ತಗೆ ಒಳಕ್ಕೆ ಒತ್ತಿ ಬಿಡಬೇಕು. ಒಳಗಿನ ಕಾಯಿಲ್ ನೆಟ್ಟಗೆ ಕೂತಿದ್ದರೆ ಏನೂ ಸದ್ದಿಲ್ಲ. ಕೂದಲೆಳೆಯಷ್ಟು ಓರೆಯಾಗಿ ಮ್ಯಾಗ್ನೆಟ್ಟಿಗೆ ಉಜ್ಜುತ್ತಿದ್ದರೆ ‘ಸರ್’ ಅನ್ನುತ್ತದೆ, ಬಹಳ ಸಣ್ಣ ಸದ್ದು. ಹಾಡು ಜೋರಾಗಿ ಹಾಕಿದರೆ ಅದು ಗೊತ್ತೇ ಆಗುವುದಿಲ್ಲ. ಮೆಲ್ಲಗೆ ಹಾಕಿದಾಗ, ಒಬ್ಬರೇ ಹಾಡುತ್ತಿದ್ದಾಗ, ಹಾಡುವವರ ಗಂಟಲಿಗೆ ಮರಳು ಸುರಿದ ಹಾಗೆ ಕೇಳುತ್ತದೆ.

ಈ ಪರೀಕ್ಷೆಯನ್ನು ಯಜಮಾನರು ಇಬ್ಬರಿಗೇ ಕಲಿಸಿದ್ದು. ಒಬ್ಬಳು ನಾನು, ಇನ್ನೊಬ್ಬ ಇಂದ್ರೇಶ. ಹಳೇಬೀಡಿನವನು, ನನಗಿಂತ ಎರಡು ವರ್ಷ ಮುಂಚೆ ಅಂಗಡಿಗೆ ಸೇರಿದವನು. ಒಂದೇ ಮೇಜಿನ ಎರಡು ಕಡೆ ಎದುರುಬದುರು ಕೂತು ಹತ್ತು ವರ್ಷ ಕೆಲಸ ಮಾಡಿದೆವು. ಆಗ ಅವನನ್ನು ಅಣ್ಣ ಅನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನಾಲಿಗೆ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅವನ ಕಳ್ಳಾಟ ಹಿಡಿದವಳೂ ನಾನೇ. ಯಜಮಾನರು ಒಂದೂವರೆಗೆ ಊಟಕ್ಕೆಂದು ಮನೆಗೆ ಹೋಗುತ್ತಿದ್ದರು. ನಾನು ಬುತ್ತಿ ಹಿಡಿದು ಪಕ್ಕದ ಟೈಲರ್ ಅಂಗಡಿಯ ಹೆಂಗಸರ ಜೊತೆ ಕೂರುತ್ತಿದ್ದೆ. ಇಂದ್ರೇಶ ಮಾತ್ರ “ಹಸಿವಿಲ್ಲ, ಆಮೇಲೆ ತಿಂತೀನಿ” ಅಂತ ಉಳಿದುಬಿಡುವನು. ಒಂದು ದಿನ ನೀರಿನ ಬಾಟಲಿ ಮರೆತು ವಾಪಸು ಬಂದರೆ ಅಂಗಡಿಯ ಶಟರ್ ಅರ್ಧ ಎಳೆದಿದೆ. ಬಗ್ಗಿ ನೋಡಿದೆ. ಯಜಮಾನರು ಬೆಳಿಗ್ಗೆ ಮುಗಿಸಿ ಇಟ್ಟಿದ್ದ ಸ್ಪೀಕರನ್ನು ಬ್ಲೇಡಿನಿಂದ ಬಿಚ್ಚಿ ಹರವಿಕೊಂಡು ಕೂತಿದ್ದಾನೆ! ಓಹೋ, ಅವರ ಕೈಚಳಕವನ್ನೆಲ್ಲ ಬಿಚ್ಚಿ ಕಲಿತುಕೊಂಡು ಹೊರಗೆ ಅಂಗಡಿ ಇಡುವ ಹುನ್ನಾರ ಅಂದುಕೊಂಡೆ. ಇನ್ನೂ ಮೂರು ದಿನ ಕಾದು ನೋಡಿದೆ. ಮೂರು ದಿನವೂ ಅದೇ ಶಟರು, ಅದೇ ಬ್ಲೇಡು. ನಾಲ್ಕನೇ ದಿನ ಯಜಮಾನರ ಕಿವಿಗೆ ಹಾಕಿದೆ.

ಇಬ್ಬರೂ ಒಳಗಿನ ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಇಂದ್ರೇಶ ಏನೋ ಮೆಲ್ಲಗೆ ಹೇಳುತ್ತಿದ್ದ. ನನಗೆ ಕೇಳಿಸಿದ್ದು ಯಜಮಾನರ ಕೂಗು ಮಾತ್ರ. “ಎದ್ದೋಗ್ಲಾ! ಇನ್ನೊಂದು ಗಳಿಗೆ ನನ್ನ ಕಣ್ಮುಂದೆ ನಿಲ್ಬ್ಯಾಡ!” ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ನನ್ನ ಕಡೆ ತಿರುಗಿ ಒಂದು ಸಲ ನೋಡಿದ. ನಾನೇನೂ ಕಣ್ಣು ತಗ್ಗಿಸಲಿಲ್ಲ.

ಹೋದವನು ಸುಮ್ಮನೆ ಹೋದನೇ? ಹಳೇಬೀಡು ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟ. ಒಂದೊಂದು ಮ್ಯಾಗ್ನೆಟ್ಟಿನ ಮೇಲೂ ಅದರ ತೂಕ ಬರೆದು ಸ್ಪೀಕರುಗಳನ್ನು ಸಾಲಾಗಿ ಜೋಡಿಸಿದ. ಸಿಕ್ಕ ಸಿಕ್ಕವರ ಹತ್ತಿರ “ಏಕಾಂತಯ್ಯಂಗೆ ಕಿವಿ ಹೋಗೈತೆ, ಅಲ್ಲಿಗ್ಯಾಕೆ ಹೋಯ್ತೀರಿ?” ಅಂದ. ಅರಸೀಕೆರೆಯಿಂದ ಬೇಲೂರಿನವರೆಗೆ ಅದೇ ಮಾತು. ಸ್ಪೀಕರ್ ಮಾಡುವವನಿಗೆ ಕಿವಿ ಹೋಗಿದೆ ಅಂದಮೇಲೆ ಇನ್ನೇನು ಉಳಿಯಿತು? ಒಬ್ಬ ಗಿರಾಕಿ ಅಂಗಡಿಗೇ ಬಂದು ಯಜಮಾನರ ಮುಖದ ಮುಂದೆ ಚಪ್ಪಾಳೆ ತಟ್ಟಿ “ಇದು ಕೇಳ್ತಾ?” ಅಂತ ನಕ್ಕ. ನಾನು ಎದ್ದು ಅವನ ಕತ್ತಿನ ಪಟ್ಟಿ ಹಿಡಿದು ರಸ್ತೆಗೆ ದಬ್ಬಿದೆ. ಮಾರನೇ ದಿನದಿಂದ ಯಜಮಾನರು ಅಂಗಡಿಗೆ ಬರುವುದನ್ನೇ ಬಿಟ್ಟರು. ಆಗಿ ಮೂರು ವರ್ಷ. ಅವರ ಸ್ಟೂಲಿನ ಮೇಲೆ ನಾನು ಯಾರನ್ನೂ ಕೂರಿಸಿಲ್ಲ. ವಾರಕ್ಕೊಮ್ಮೆ ಮನೆಗೆ ಹೋದರೆ ನನ್ನ ಬಾಯನ್ನೇ ನೋಡುತ್ತಾ ಕೂರುತ್ತಾರೆ, ಹತ್ತು ಮಾತಿಗೆ ಒಂದು ಮಾತಾಡುತ್ತಾರೆ. ಎಂಥ ಮನುಷ್ಯನನ್ನು ಹೇಗೆ ಮುರಿದು ಹಾಕಿದನಲ್ಲ ಪಾಪಿ ಅಂತ ಶಪಿಸುತ್ತಾ ಅಂಗಡಿಗೆ ವಾಪಸಾಗುತ್ತಿದ್ದೆ.

ಹೀಗಿರುವಾಗ ಬೇಲೂರಿನಿಂದ ಅನುಸೂಯಮ್ಮನವರ ಫೋನ್ ಬಂತು. ರಿಟೈರಾದ ಕನ್ನಡ ಮೇಡಂ. ಅವರ ಅಕ್ಕ ಗಮಕ ಹಾಡುತ್ತಿದ್ದವರು, ತೀರಿಕೊಂಡು ಆರು ವರ್ಷವಾಗಿತ್ತು. ಅಕ್ಕ ಕಾವ್ಯ ಓದಿದ್ದ ಕ್ಯಾಸೆಟ್ಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿದ್ದರು.

“ಫೋನಿನಲ್ಲಿ ಕೇಳಿದ್ರೆ ಅಕ್ಕ ಬಾವಿಯೊಳಗಿಂದ ಕೂಗಿದ ಹಾಗಿದೆ ಕಣಮ್ಮ. ನನಗೆ ಅವಳು ಎದುರಿಗೆ ಕೂತು ಓದಿದ ಹಾಗೆ ಬೇಕು. ಅರೇಹಳ್ಳಿ ಸಣ್ಣಯ್ಯ ಹಲಸಿನ ಹಲಗೆಯಲ್ಲಿ ಎರಡು ಪೆಟ್ಟಿಗೆ ಮಾಡಿಕೊಟ್ಟಿದ್ದಾನೆ. ಒಳಗೆ ಕೂರಿಸೋ ಸ್ಪೀಕರ್ ಆರಿಸಬೇಕು. ಹಳೇಬೀಡಿನ ಇಂದ್ರೇಶನಿಗೂ ಹೇಳಿದೀನಿ. ಭಾನುವಾರ ಇಬ್ಬರೂ ನಿಮ್ಮ ನಿಮ್ಮದು ತನ್ನಿ. ಇಲ್ಲೇ ಹಾಕಿ ಕೇಳೋಣ.”

“ಸಣ್ಣಯ್ಯನೂ ಇರ್ತಾರಾ ಮೇಡಂ?” ಅಂತ ಕೇಳಿದೆ.

“ಅವನಿಲ್ಲದೆ ಪೆಟ್ಟಿಗೆಗೆ ಸ್ಕ್ರೂ ಹಾಕೋರು ಯಾರಮ್ಮ?”

ನನಗೆ ಅಷ್ಟೇ ಬೇಕಿತ್ತು. ಬಡಗಿ ಸಣ್ಣಯ್ಯ ವಾರಕ್ಕೆ ಹತ್ತು ಮನೆ ಹೊಕ್ಕು ಬರುವವನು, ಹೊಕ್ಕ ಮನೆಯಲ್ಲೆಲ್ಲ ಬಾಯಿ ಬಿಡುವವನು. ಅವನ ಎದುರು ಇಂದ್ರೇಶನ ಮಾನ ಹೋದರೆ ಎರಡೇ ದಿನದಲ್ಲಿ ತಾಲೂಕಿಗೆಲ್ಲ ಗೊತ್ತಾಗುತ್ತದೆ. ವೆಂಕಟರಮಣ ಕಣ್ಣು ಬಿಟ್ಟ ಅಂದುಕೊಂಡೆ.

ಬಲೆ ಹೆಣೆದದ್ದು ಹೀಗೆ. ಗೋಡೌನಿನಲ್ಲಿ ಯಜಮಾನರು ಜೋಪಾನವಾಗಿ ಎತ್ತಿಟ್ಟಿದ್ದ ಹಳೇ ಕಾಲದ ಮೆದು ಕಾಗದದ ಕೋನ್ ಎರಡಿದ್ದವು. ಒಂದನ್ನು ತೆಗೆದು ಆರು ಇಂಚಿನ ಸ್ಪೀಕರ್ ಮಾಡಿದೆ. ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆಂದ. ಅದರ ಮ್ಯಾಗ್ನೆಟ್ಟಿನ ಹಿಂದೆ ಒಂದು ದಪ್ಪ ಕಬ್ಬಿಣದ ಬಿಲ್ಲೆ ಅಂಟಿಸಿ, ಮೇಲೆ ಮುಚ್ಚಳ ಕೂರಿಸಿದೆ. ಅಂಗೈ ಮೇಲೆ ಇಟ್ಟರೆ ಕೈ ಜಗ್ಗುತ್ತಿತ್ತು. ಕೊನೆಗೆ ಕಾಯಿಲನ್ನು ಕೂದಲೆಳೆಯಷ್ಟು ಓರೆಗೆ ಕೂರಿಸಿದೆ. ಹದಿಮೂರು ವರ್ಷ ಕಲಿತ ಕೈಯಿಂದ ಬೇಕೆಂದೇ ಕೆಲಸ ಕೆಡಿಸಿದ್ದು ಅದೊಂದೇ ಸಲ. ಮೂರು ಬೆರಳಿಟ್ಟು ಒತ್ತಿದೆ. ‘ಸರ್’ ಅಂತು. ನನಗೆ ಒಳಗೊಳಗೇ ನಗು.

ತೂಕ ಬರೆದು ಮಾರುವವನು ತೂಕ ನೋಡಿಯೇ ಆರಿಸುತ್ತಾನೆ, ಅದು ನನ್ನ ಲೆಕ್ಕಾಚಾರ. ಅವನು “ಇದೇ ಚೆನ್ನಾಗೈತೆ” ಅನ್ನಬೇಕು. ಪೆಟ್ಟಿಗೆಗೆ ಹಾಕಿ ಮೆಲ್ಲಗೆ ಗಮಕ ಹಚ್ಚಿದಾಗ ಕರಕರ ಅನ್ನಬೇಕು. ಕಿವಿ ಹೋಗಿದೆ ಅನ್ನಿಸಿಕೊಂಡ ಯಜಮಾನರೇ ಎಲ್ಲರ ಎದುರು “ಇದು ಉಜ್ತಾ ಐತಲ್ಲೋ, ನಿಂಗೆ ಕೇಳ್ಲಿಲ್ವೇನೋ?” ಅಂತ ಅವನನ್ನು ಕೇಳಬೇಕು.

ಅದಕ್ಕೆ ಯಜಮಾನರು ಬರಬೇಕಲ್ಲ. ಶನಿವಾರ ಅವರ ಮನೆಗೆ ಹೋಗಿ ಕೂತೆ.

“ಬ್ಯಾಡ ಕಣವ್ವ. ನನ್ನ ಕರೀಬ್ಯಾಡ. ನೀನೇ ಹೋಗ್ಬಾ” ಅಂದರು.

ಬಲೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಸ್ಪೀಕರಿಗೆ ಗಾಯ ಮಾಡಿದ್ದಕ್ಕೆ ನನ್ನನ್ನೇ ಉಗಿಯುತ್ತಿದ್ದರು. “ನೀವು ಬರ್ದಿದ್ರೆ ಅವನು ಹೇಳಿದ್ದೇ ನಿಜ ಅಂದ್ಕಂತಾರೆ ಜನ. ಅದೇ ಆಗ್ಬೇಕಾ ನಿಮಗೆ?” ಅಂತ ಕೇಳಿದೆ. ಎದ್ದು ಗೂಟದ ಮೇಲಿದ್ದ ಶರ್ಟನ್ನು ಒದರಿ ನೋಡಿದರು. ಆಮೇಲೆ “ಎಷ್ಟೊತ್ತಿಗೆ ಬಸ್ಸು?” ಅಂದರು.

ಜಾವಗಲ್ ದಾಟಿ ಹಳೇಬೀಡಿಗೆ ಬಂದಾಗ ಬಸ್ಸು ಇಂದ್ರೇಶನ ಅಂಗಡಿಯ ಎದುರೇ ನಿಂತಿತು. ಶಟರ್ ಹಾಕಿತ್ತು. ಆಗಲೇ ಹೊರಟಿದ್ದಾನೆ ಕಳ್ಳ, ಅಂದುಕೊಂಡೆ. ಕಂಡಕ್ಟರ್ ನಮ್ಮ ಸೀಟಿನ ಪಕ್ಕದಲ್ಲೇ ನಿಂತು ಸೀಟಿ ಊದಿದ. ನನ್ನ ಕಿವಿ ಗುಂಯ್ ಅಂತು. ಯಜಮಾನರು ತಿರುಗಲೂ ಇಲ್ಲ, ಕಿಟಕಿಯ ಆಚೆ ನೋಡುತ್ತಲೇ ಇದ್ದರು. ಇಂದ್ರೇಶನ ಅಂಗಡಿಯ ಬೋರ್ಡು ನೋಡಿ ಎಷ್ಟು ಸಂಕಟವಾಯಿತೋ ಪಾಪ, ಅಂದುಕೊಂಡೆ.

ಅನುಸೂಯಮ್ಮನ ಮನೆಯ ನಡುಮನೆಯಲ್ಲಿ ಊಟದ ಮೇಜಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸಿದ್ದರು. ಇಂದ್ರೇಶ ತಂದ ಮೂರು ಸ್ಪೀಕರ್ ಅದರ ಮೇಲಿದ್ದವು. ಯಜಮಾನರನ್ನು ಕಂಡೊಡನೆ ಎದ್ದು ಬಂದು ಕಾಲಿಗೆ ಬಗ್ಗಿದ. ಯಜಮಾನರು ಕಾಲು ಹಿಂದಕ್ಕೆ ಎಳೆದುಕೊಂಡರು. ನಾಟಕ ನೋಡು, ನಾಟಕ!

“ಚೆನ್ನಾಗಿದೀಯಾ ಭಾನು?” ಅಂದ ನನಗೆ.

“ನಿನ್ನ ದಯೆ” ಅಂದೆ.

ನನ್ನ ಮೂರನ್ನೂ ಜೋಡಿಸಿದೆ. ಭಾರದ್ದನ್ನು ಅವನ ಕೈಗೆ ಹತ್ತಿರವೇ ಇಟ್ಟೆ. ಅನುಸೂಯಮ್ಮ ಕ್ಲಾಸಿನಲ್ಲಿ ನಿಂತ ಹಾಗೆ ನಿಂತು ನಿಯಮ ಹೇಳಿದರು. “ನೋಡ್ರಪ್ಪ, ನನ್ನದು ನಿನ್ನದು ಅಂತಿಲ್ಲ. ಆರರಲ್ಲಿ ಯಾವುದು ಒಳ್ಳೇದು ಅನ್ಸುತ್ತೋ ಅದನ್ನು ಆರಿಸಿ. ಇಂದ್ರೇಶ, ಮೊದಲು ನೀನು.”

ಅವನು ಕೈ ಹಾಕಿದ್ದೇ ನನ್ನ ಭಾರದ ಸ್ಪೀಕರಿಗೆ. ಅಂಗೈ ಮೇಲೆ ಇಟ್ಟು ತೂಗಿದ. “ಅಬ್ಬಾ, ಏನ್ ತೂಕ!” ಅಂದ.

“ಮಾಲು ಅಂದ್ರೆ ಅದು ಕಣಯ್ಯ!” ಅಂದ ಸಣ್ಣಯ್ಯ ಮೂಲೆಯಿಂದ.

ಬಿದ್ದ ಅಂದುಕೊಂಡೆ. ಆಗ ಅವನು ಅದನ್ನು ಕಿವಿಯ ಹತ್ತಿರ ಎತ್ತಿಕೊಂಡು ಕೋನಿನ ಮೇಲೆ ಮೂರು ಬೆರಳಿಟ್ಟ. ಒತ್ತಿದ. ಬಿಟ್ಟ. ಇನ್ನೊಮ್ಮೆ ಒತ್ತಿದ. ತಿರುಗಿಸಿ ಹಿಂದಿನ ಮುಚ್ಚಳದ ಅಂಚು ನೋಡಿದ, ಅಲ್ಲಿ ಒಸರಿದ್ದ ಗೋಂದು ನೋಡಿದ, ನನ್ನ ಮುಖ ನೋಡಿದ. ಅದನ್ನು ಇದ್ದಲ್ಲೇ ಇಟ್ಟು, ಆರರಲ್ಲಿ ಎಲ್ಲಕ್ಕಿಂತ ಹಗುರವಾದ ಒಂದನ್ನು ಎತ್ತಿಕೊಂಡ. “ನನಗೆ ಇದು” ಅಂದ. ಅದೂ ನಾನು ತಂದದ್ದೇ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಥೂ, ನನ್ನ ಕೈಯಿಂದಲೇ ನನ್ನ ಕೆನ್ನೆಗೆ ಹೊಡೆಸಿದ ಹಾಗಾಯಿತು.

ಆದರೂ ನಾನು ಸೋಲಲಿಲ್ಲ. ಅವನು ಬೀಳದಿದ್ದರೆ ಬೇಡ, ಯಜಮಾನರು ಗೆಲ್ಲಲಿ. ಅಷ್ಟು ಸಣ್ಣ ಸದ್ದು ಅವರಿಗೆ ಕೇಳಿಸುತ್ತದೆ ಅಂತ ಗೊತ್ತಾದರೆ ಇವನು ಸುಳ್ಳುಗಾರ ಅಂತ ತಾನಾಗೇ ಸಾಬೀತಾಯಿತಲ್ಲ. “ನಂದೇನಿಲ್ಲ ಮೇಡಂ. ಯಜಮಾನ್ರು ಆರಿಸ್ತಾರೆ” ಅಂದೆ.

ಯಜಮಾನರು ಮೇಜಿನ ಹತ್ತಿರ ಬಂದರು. ಮೂರು ವರ್ಷದ ಮೇಲೆ ಅವರ ಬೆರಳುಗಳು ಕೋನಿನ ಮೇಲೆ ಆಡಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಒಂದೊಂದನ್ನೂ ಕಿವಿಗೆ ಹಿಡಿದು ಒತ್ತಿದರು. ಭಾರದ್ದನ್ನೂ ಒತ್ತಿದರು. ಮುಖದಲ್ಲಿ ಏನೂ ಇಲ್ಲ. ಹಾಕಿ ಕೇಳುವಾಗ ಹೇಳಬೇಕೆಂದು ಬಚ್ಚಿಟ್ಟುಕೊಂಡಿದ್ದಾರೆ, ಜಾಣರು, ಅಂದುಕೊಂಡೆ. “ಹಾಕ್ರಪ್ಪ, ಕೇಳಾನ” ಅಂತ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

ಸಣ್ಣಯ್ಯ ಒಂದೊಂದನ್ನೇ ಪೆಟ್ಟಿಗೆಗೆ ಕೂರಿಸುತ್ತಾ ಹೋದ. ಅನುಸೂಯಮ್ಮ ಅದೇ ನಾಲ್ಕು ಸಾಲನ್ನು ಮೆಲ್ಲಗೆ ಹಚ್ಚುತ್ತಾ ಹೋದರು. ಇಂದ್ರೇಶ ಆರಿಸಿದ್ದನ್ನು ಹಾಕಿದಾಗ ಆ ಅಕ್ಕನ ಧ್ವನಿ ತೊಳೆದಿಟ್ಟ ಹಾಗೆ ಬಂತು. ಉಸಿರು ತೆಗೆದುಕೊಂಡದ್ದೂ ಕೇಳಿತು. ಅನುಸೂಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಯಜಮಾನರು ಅಲುಗಲಿಲ್ಲ.

ಕೊನೆಗೆ ನನ್ನ ಭಾರದ ಸ್ಪೀಕರು. ಮೊದಲ ಸಾಲು ಬಂತು. ಅದರ ಜೊತೆಗೇ ‘ಸರ್, ಸರ್’ ಅಂತ ಆ ಹೊಲಸು ಸದ್ದು. ಪ್ರತಿ ಅಕ್ಷರದ ತುದಿಗೂ ಉಜ್ಜುತ್ತಿತ್ತು. ಅನುಸೂಯಮ್ಮ ಮುಖ ಕಿವುಚಿದರು. ಸಣ್ಣಯ್ಯ ಪೆಟ್ಟಿಗೆಯ ಹಿಂದೆ ಮುಂದೆ ಇಣುಕಿದ. ನಾನು ಯಜಮಾನರನ್ನೇ ನೋಡುತ್ತಿದ್ದೆ. ಹೇಳಿ, ಯಜಮಾನ್ರೇ. ಈಗ ಹೇಳಿ.

ಅವರು ಕಣ್ಣು ತೆರೆದರು. ಕಣ್ಣಲ್ಲಿ ನೀರಿತ್ತು.

“ಇದೇ ಕಣವ್ವ. ಇದನ್ನೇ ಹಾಕ್ರಿ. ತಾಯಿ ಎದ್ರಿಗೇ ಕೂತು ಓದ್ತಾ ಅವ್ರೆ. ಒಂದಿಷ್ಟು ಕೊರತೆ ಇಲ್ಲ” ಅಂದರು.

ಬಸ್ಸಿನ ಸೀಟಿ, ನನ್ನ ಬಾಯನ್ನೇ ನೋಡುತ್ತಾ ಕೂರುವುದು, ಬರುವುದಿಲ್ಲ ಅಂತ ಹಟ ಹಿಡಿದದ್ದು, ಎಲ್ಲ ಒಟ್ಟಿಗೆ ತಲೆಗೆ ಬಂತು. ಅವರಿಗೆ ಕೇಳುತ್ತಿರಲಿಲ್ಲ. ದಪ್ಪ ಸ್ವರ ಕೇಳುತ್ತಿತ್ತು, ಗಟ್ಟಿ ಮಾತು ಕೇಳುತ್ತಿತ್ತು. ಆ ಸಣ್ಣ ಸದ್ದು ಅವರ ಪಾಲಿಗೆ ಇರಲೇ ಇಲ್ಲ.

“ಅಲ್ಲ ಸ್ವಾಮಿ, ಏನೋ ಕರಕರ ಅಂತೈತಲ್ಲ...” ಅಂತ ಸಣ್ಣಯ್ಯ ಶುರುಮಾಡಿದ.

ಇಂದ್ರೇಶ ಅವನ ಹೆಗಲ ಮೇಲೆ ಕೈ ಹಾಕಿದ. “ಅದು ಕ್ಯಾಸೆಟ್ಟಿಂದು ಕಣಣ್ಣ. ಹಳೇದಲ್ವಾ, ಸವೆದೈತೆ. ಒಳ್ಳೇ ಸ್ಪೀಕರಾದ್ರೆ ಅದೂ ಕೇಳಿಸ್ತೈತೆ.” ಆಮೇಲೆ ಅನುಸೂಯಮ್ಮನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಯಜಮಾನರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. “ನಾನು ಸೋತೆ ಮೇಡಂ. ಮೂರು ವರ್ಷದಿಂದ ಊರ ತುಂಬ ಇಲ್ಲದ್ದು ಹೇಳ್ಕಂಡು ಓಡಾಡ್ದೆ. ಯಜಮಾನ್ರ ಕಿವಿ ಸರಿಯಾಗೈತೆ. ಕೆಟ್ಟಿರೋದು ನನ್ನ ಕಿವಿ.”

ಮಾಲೇಕಲ್ಲಿನಲ್ಲಿ ನಾನು ಬೇಡಿಕೊಂಡ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಅನುಸೂಯಮ್ಮ ಅವನನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಕನ ಕ್ಯಾಸೆಟ್ಟಿನಲ್ಲಿ ಅಂಥ ಸದ್ದಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಲವತ್ತು ವರ್ಷ ಮಕ್ಕಳ ಮುಖ ಓದಿದವರು. “ಹಿರಿಯರು ಹೇಳಿದಮೇಲೆ ಆಯಿತು” ಅಂದರು. “ಇದನ್ನ ತಗೊಂಡು ಹೋಗಿ, ಇದಕ್ಕೊಂದು ಜೋಡಿ ಮಾಡಿಕೊಂಡು ಬಾರಮ್ಮ. ಸರಿಯಾಗಿ ನೋಡಿ ಮಾಡು.” ಕೊನೆಯ ಮಾತನ್ನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

ಎಲ್ಲರೂ ಕಾಫಿ ಕುಡಿಯುವಾಗ ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆ. ಇಂದ್ರೇಶ ಕೈ ತೊಳೆಯುವ ನೆಪದಲ್ಲಿ ಬಂದ.

“ಆ ಹಿಂದಿನ ಕಬ್ಬಿಣ ನಂಗೋಸ್ಕರ ಅಂಟಿಸಿದ್ದಾ?”

“ಹೂಂ. ನಿಂಗೋಸ್ಕರಾನೇ.”

“ಗೋಂದು ಜಾಸ್ತಿ ಹಾಕಿದೀಯ” ಅಂದ.

ಆ ನಲ್ಲಿಯ ಬಕೆಟ್ಟನ್ನೇ ಎತ್ತಿ ಅವನ ತಲೆಗೆ ಹಾಕಬೇಕು ಅನ್ನಿಸಿತು. “ಯಾವಾಗಿಂದ?” ಅಂತ ಕೇಳಿದೆ.

“ನಾನು ಅಂಗಡಿ ಬಿಡೋಕೆ ಒಂದು ವರ್ಷ ಮುಂಚಿಂದ. ಹತ್ತು ಸ್ಪೀಕರ್ ಮಾಡಿದ್ರೆ ನಾಲ್ಕು ಉಜ್ತಿದ್ವು. ಅವರು ಒತ್ತಿ ನೋಡಿ ಸರಿಯೈತೆ ಅಂತ ಇಟ್ಬಿಡೋರು. ಗಿರಾಕಿ ಕೈಗೆ ಹೋಗೋಕೆ ಮುಂಚೆ, ಅವರು ಊಟಕ್ಕೆ ಹೋದಾಗ ಬಿಚ್ಚಿ ಸರಿ ಮಾಡಿ ಇಡ್ತಿದ್ದೆ.”

ಅರ್ಧ ಎಳೆದ ಶಟರು, ಬ್ಲೇಡು. “ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಅವರನ್ನ ಮೊದಲಿನ ಹಂಗೆ ನೋಡ್ತಿದ್ಯಾ? ನೀನು ನನ್ನ ಮೇಲೆ ಚಾಡಿ ಹೇಳಿದ ದಿನ ಅವರಿಗೆ ಬೇರೆ ದಾರಿಯಿಲ್ದೆ ನಿಜ ಹೇಳ್ದೆ. ಅವರು ನಂಬಲಿಲ್ಲ. ಕಳ್ಳ ಅಂದ್ರು.”

“ಹಂಗಂತ ಊರಿಗೆಲ್ಲ ಸಾರ್ಬೇಕಿತ್ತಾ? ಅವರು ಮೂಲೆ ಹಿಡಿದು ಕೂತ್ಕಂಡ್ರಲ್ಲೋ!”

ಅವನು ತಲೆ ತಗ್ಗಿಸಿದ. “ಅದು ತಪ್ಪು. ಮಾಡಬಾರದಿತ್ತು. ಸಿಟ್ಟಿತ್ತು ಭಾನು. ಸಿಟ್ಟು ಅಂದ್ರೇನು ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ?”

ಅವನ ಕೆನ್ನೆಗೆ ಬಾರಿಸಲೋ ನನ್ನ ಕೆನ್ನೆಗೆ ಬಾರಿಸಿಕೊಳ್ಳಲೋ ತಿಳಿಯಲಿಲ್ಲ. ಬಾಯಿ ತೆರೆದರೆ ಅಣ್ಣ ಅಂದುಬಿಡುತ್ತೇನೇನೋ ಅಂತ ಹೆದರಿ ಒಳಗೆ ನಡೆದೆ. ಕ್ಷಮಿಸಲಿಲ್ಲ. ಮೂರು ವರ್ಷ ದಿನಾ ಅನ್ನದ ಜೊತೆ ಉಂಡ ದ್ವೇಷ ಒಂದು ಕಾಫಿಯ ಹೊತ್ತಿನಲ್ಲಿ ಹೋಗುತ್ತದೆಯೇ? ಅವನು ಕೆಟ್ಟವನಾಗಿಯೇ ಉಳಿದಿದ್ದರೆ ನನಗೆಷ್ಟೋ ಚೆನ್ನಾಗಿತ್ತು. ಅದನ್ನೂ ಕಿತ್ತುಕೊಂಡ, ಆ ಸಿಟ್ಟು ಬೇರೆ ಸೇರಿತು.

ವಾಪಸು ಬರುವಾಗ ಯಜಮಾನರು ಮೂರು ವರ್ಷದ ಮಾತನ್ನೆಲ್ಲ ಒಂದೇ ಬಸ್ಸಿನಲ್ಲಿ ಆಡಿದರು. ಹಳೇಬೀಡಿನ ಕೆರೆ ಏರಿ ಬಂದಾಗ ನನ್ನ ಕೈ ಹಿಡಿದುಕೊಂಡರು.

“ಅವನು ಅವತ್ತು ಹೇಳ್ದಾಗ ಬಯ್ದು ಕಳಿಸ್ದೆ ಕಣವ್ವ. ಆದ್ರೆ ಒಳಗೊಳಗೆ ನಾನೂ ನಂಬ್ಬುಟ್ಟಿದ್ದೆ. ನಿಜವಾಗ್ಲೂ ಹೋಗೈತೇನೋ ಅಂತ ಹೆದ್ರಿಕಂಡು ಮನೇಲಿ ಕೂತಿದ್ದೆ. ಸ್ಪೀಕರ್ ಮುಟ್ಟೋಕೂ ಭಯ. ಇವತ್ತು ಅವನ ಬಾಯಲ್ಲೇ ಬಂತು ನೋಡು. ನೀನು ಕರ್ಕಂಡು ಬರ್ದಿದ್ರೆ ನಾನು ಹಂಗೇ ಸಾಯ್ತಿದ್ದೆ.”

ಅವರಿಗೆ ಕೇಳುವಷ್ಟು ಗಟ್ಟಿಯಾಗಿ “ಹೌದು ಯಜಮಾನ್ರೇ” ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

“ನಾಳೆಯಿಂದ ಅಂಗಡಿಗೆ ಬತ್ತೀನಿ. ಅದರ ಜೋಡಿ ನಾನೇ ಮಾಡ್ತೀನಿ” ಅಂದರು.

ಹೇಳಿದ ಹಾಗೇ ಸೋಮವಾರ ಒಂಬತ್ತಕ್ಕೆ ಬಂದರು. ಶರ್ಟಿಗೆ ಇಸ್ತ್ರಿ ಹಾಕಿಸಿದ್ದರು. ತಮ್ಮ ಸ್ಟೂಲನ್ನು ತಾವೇ ಒರೆಸಿಕೊಂಡು ಕೂತು, ಉಳಿದಿದ್ದ ಇನ್ನೊಂದು ಹಳೇ ಕೋನ್ ತೆಗೆಸಿದರು. ಸಣ್ಣಯ್ಯ ಅಷ್ಟರಲ್ಲಿ ಫೋನಿನಲ್ಲೇ ಬಾಯಿ ಬಿಟ್ಟಾಗಿತ್ತು. ಹನ್ನೊಂದರ ಹೊತ್ತಿಗೆ ಇಬ್ಬರು ಹಳೇ ಗಿರಾಕಿಗಳು ಬಂದು “ನಿಮ್ಮ ಬಗ್ಗೆ ಸುಳ್ಳು ಹಬ್ಬಿಸಿದ್ದನಂತೆ ಇಂದ್ರೇಶ! ಒಪ್ಕಂಡ್ನಂತೆ?” ಅಂತ ವಿಚಾರಿಸಿ ಹೋದರು. ಯಜಮಾನರು “ಹೋಗ್ಲಿ ಬಿಡ್ರಪ್ಪ, ಹುಡುಗ” ಅಂತ ದೊಡ್ಡ ಮನಸ್ಸು ಮಾಡಿದರು. ನನ್ನ ಸೇಡು ತೀರಿತ್ತು. ಹರಕೆ ತೀರಿಸುವುದು ಬಾಕಿ. ಹೋಗುತ್ತೇನೆ, ಮುಡಿ ಕೊಟ್ಟು ಬರುತ್ತೇನೆ. ದೇವರು ತನ್ನ ಮಾತು ನಡೆಸಿದ್ದಾನೆ, ನಾನು ತಪ್ಪಿದರೆ ಆಗುತ್ತದೆಯೇ?

ಒಂದೂವರೆಗೆ ಸ್ಪೀಕರ್ ಮುಗಿಯಿತು. ಕಿವಿಗೆ ಹಿಡಿದು, ಮೂರು ಬೆರಳಿಟ್ಟು ಒತ್ತಿ, ತಲೆ ಆಡಿಸಿ ನನ್ನ ಕೈಗೆ ಕೊಟ್ಟರು. “ನೋಡವ್ವ, ಹೆಂಗೈತೆ?”

ನಾನೂ ಒತ್ತಿದೆ. ‘ಸರ್’ ಅಂತು. ಬಿಟ್ಟು ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಅಂತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

“ಚೆನ್ನಾಗೈತೆ ಯಜಮಾನ್ರೇ” ಅಂದೆ.

ನಗುತ್ತಾ ಎದ್ದು, ಛತ್ರಿ ತೆಗೆದುಕೊಂಡು ಊಟಕ್ಕೆ ಹೊರಟರು. ಬಾಗಿಲಲ್ಲಿ ತಿರುಗಿ “ನೀನು ಉಣ್ಣಲ್ವಾ?” ಅಂದರು.

“ಹಸಿವಿಲ್ಲ. ಆಮೇಲೆ ತಿಂತೀನಿ.”

ಅವರು ಬೀದಿಯ ತಿರುವು ದಾಟುವವರೆಗೆ ನೋಡುತ್ತಾ ನಿಂತೆ. ಆಮೇಲೆ ಶಟರನ್ನು ಅರ್ಧ ಎಳೆದು, ಮೇಜಿನ ಇಂದ್ರೇಶ ಕೂರುತ್ತಿದ್ದ ಕಡೆ ಹೋಗಿ ಕೂತು, ಬ್ಲೇಡು ತೆಗೆದೆ.